ಜಕಾರ್ತದಲ್ಲಿ ಗೆಲ್ಲಿಸಿದ ಹೈದರಾಬಾದಿನ ಮಾಸ್ತರ್

1962ರ ಸೆಪ್ಟೆಂಬರ್ 4. ಇಂಡೊನೇಷ್ಯಾದ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್. ಒಂದು ಕಡೆ ಭಾರತ, ಇನ್ನೊಂದು ಕಡೆ ದಕ್ಷಿಣ ಕೊರಿಯಾ. ಆ ದಿನ ಭಾರತ 2–1ರಿಂದ ಗೆದ್ದು ಚಿನ್ನ ತಂದಿತು. ಅಲ್ಲಿಂದ ಇಲ್ಲಿಯವರೆಗೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ನಮಗೆ ಮತ್ತೊಂದು ಚಿನ್ನ ಬಂದಿಲ್ಲ. ಹಾಗಾದರೆ ಆ ಪಂದ್ಯ ಗೆಲ್ಲಿಸಿದವರು ಯಾರು?

ಅಜಯ್ ದೇವಗನ್ ನಟಿಸಿದ ‘ಮೈದಾನ್’ ಸಿನಿಮಾ 2024ರಲ್ಲಿ ಬಂದ ಮೇಲೆ ಪಾಮನಕಲ್ಲೂರಿನ ನಮ್ಮ ಗೆಳೆಯರ ಬಳಗದಲ್ಲಿ ಈ ಪ್ರಶ್ನೆ ಎದ್ದಿತು. ಒಂದು ಬೇಸಿಗೆಯಿಡೀ ವಾದ ನಡೆಯಿತು. ನಮ್ಮೂರಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಆಡುವವರು ಸಿಗುತ್ತಾರೆ, ಫುಟ್‌ಬಾಲ್ ಕಡಿಮೆ. ಆದರೆ ವಾದ ಮಾಡಲು ಆಟ ಆಡಲೇಬೇಕೆಂದೇನೂ ಇಲ್ಲವಲ್ಲ!

ಒಬ್ಬನ ಪ್ರಕಾರ ಗೆಲ್ಲಿಸಿದವರು ಪಿ.ಕೆ. ಬ್ಯಾನರ್ಜಿ. ಮೊದಲ ಗೋಲು ಅವರದು, ಅದೂ ಆಟ ಶುರುವಾಗಿ ಇಪ್ಪತ್ತು ನಿಮಿಷ ಆಗುವ ಮೊದಲೇ. ಇನ್ನೊಬ್ಬ ಜರ್ನೈಲ್ ಸಿಂಗ್ ಪರ. ತಲೆಗೆ ಹೊಲಿಗೆ ಹಾಕಿಸಿಕೊಂಡು, ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದು ಎರಡನೇ ಗೋಲು ಹೊಡೆದವರಿಗಿಂತ ದೊಡ್ಡವರು ಯಾರಿದ್ದಾರೆ ಎಂಬುದು ಅವನ ವಾದ. ಮೂರನೆಯವನಿಗೆ ನಾಯಕ ಚುನಿ ಗೋಸ್ವಾಮಿ. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರಿಂದ ಗೆದ್ದಾಗ ಎರಡು ಗೋಲು ಚುನಿಯವರವೇ. ಅವರಿಲ್ಲದಿದ್ದರೆ ಫೈನಲ್ ಎಲ್ಲಿತ್ತು?

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ರಜೆಗೆ ಬಂದಿದ್ದ. ಅವನು ಅಮೆರಿಕದವರ ಫುಟ್‌ಬಾಲ್ ನೋಡುತ್ತಾನೆ. ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಮೇಲೆ ಬಿದ್ದು ತಡೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಂದು ಸ್ಥಾನ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಯಾರು ಎಲ್ಲಿದ್ದಾರೆ, ಯಾರು ಎಲ್ಲಿಗೆ ಹೋಗಿ ಸೇರುತ್ತಾರೆ ಎಂದು ನೋಡಿ ಅವನು ಚೆಂಡು ಎಸೆಯಬೇಕು. ಅಲ್ಲಿ ಜಾನಿ ಯುನೈಟಸ್ ಎಂಬ ಆಟಗಾರನಿದ್ದ. 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಅವನನ್ನು ಬೇಡವೆಂದು ಕೈಬಿಟ್ಟಿತು. ಮೂರು ವರ್ಷದ ನಂತರ, 1958ರ ಡಿಸೆಂಬರ್ 28ರಂದು ಅದೇ ಯುನೈಟಸ್ ಬಾಲ್ಟಿಮೋರ್ ತಂಡವನ್ನು ಮುನ್ನಡೆಸಿ ನ್ಯೂಯಾರ್ಕ್ ತಂಡದ ವಿರುದ್ಧ 23–17ರಿಂದ ಹೆಚ್ಚುವರಿ ಸಮಯದಲ್ಲಿ ಚಾಂಪಿಯನ್‌ಷಿಪ್ ಗೆಲ್ಲಿಸಿದ. ಅವನ ಹೆಚ್ಚುಗಾರಿಕೆ ತೋಳಿನ ಬಲದಲ್ಲಷ್ಟೇ ಇರಲಿಲ್ಲ. ಮುಂದಿನ ನಡೆ ಏನೆಂದು ಮೈದಾನದಲ್ಲಿ ನಿಂತು ಅವನೇ ತೀರ್ಮಾನಿಸುತ್ತಿದ್ದ. ಹಾಗೆ ನೋಡಿದರೆ ಜಕಾರ್ತದ ನಮ್ಮ ಕ್ವಾರ್ಟರ್‌ಬ್ಯಾಕ್ ಯಾರು ಎಂದು ಗೆಳೆಯ ಕೇಳಿದ.

ನನ್ನ ಉತ್ತರ ಮೊದಲಿನಿಂದಲೂ ಒಂದೇ. ಆ ವ್ಯಕ್ತಿ ಮೈದಾನದೊಳಗೆ ಕಾಲೇ ಇಡಲಿಲ್ಲ. ಗೆರೆಯಾಚೆ ಕೆಮ್ಮುತ್ತ ಕೂತಿದ್ದ ಕೋಚ್ ಸೈಯದ್ ಅಬ್ದುಲ್ ರಹೀಂ. ಅದಕ್ಕೆ ಎಲ್ಲರೂ ನಕ್ಕರು. ಚೆಂಡು ಮುಟ್ಟದವನು ಆಟಗಾರ ಹೇಗಾಗುತ್ತಾನೆ ಎಂದರು. ನನ್ನ ಮಾತಿಗೆ ಆಧಾರ ಅವರ ಬದುಕಿನಲ್ಲೇ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದೇ ರಾಜ್ಯದವರು

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಹೈದರಾಬಾದ್ ಎಂದರೆ ಇವತ್ತಿಗೆ ಬೇರೆ ರಾಜ್ಯದ ರಾಜಧಾನಿ. ಆಗ ಹಾಗಿರಲಿಲ್ಲ. ನಮ್ಮ ರಾಯಚೂರು ಜಿಲ್ಲೆ ನಿಜಾಮರ ಸಂಸ್ಥಾನದಲ್ಲಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೂ 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರೇ. ನಮ್ಮ ಕಡೆ ಹಳೆಯ ಜಮೀನಿನ ಕಾಗದಗಳನ್ನು ತೆಗೆದರೆ ಇವತ್ತಿಗೂ ಉರ್ದು ಅಕ್ಷರ ಕಾಣುತ್ತದೆ. ಓದಿಸಲು ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಹಾಗಾಗಿ ರಹೀಂ ಸಾಹೇಬರು ತಮ್ಮ ತಂಡ ಕಟ್ಟುತ್ತಿದ್ದ ಮುಖ್ಯ ವರ್ಷಗಳಲ್ಲಿ ಪಾಮನಕಲ್ಲೂರೂ ಅವರ ರಾಜ್ಯದ ಒಂದು ಹಳ್ಳಿಯೇ ಆಗಿತ್ತು. ಫುಟ್‌ಬಾಲಿನ ದೊಡ್ಡ ಹೆಸರುಗಳೆಲ್ಲ ಕಲ್ಕತ್ತ, ಗೋವಾ, ಕೇರಳದವು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅವರಿಗೆ ಇದನ್ನು ಹೇಳಬೇಕು.

ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿನ ತಂಡದಲ್ಲಿ ಆಡಿದರು. ಊರಿನ ಲೀಗ್‌ನಲ್ಲೂ ಆಡಿದರು. ಹೊಟ್ಟೆಪಾಡಿಗೆ ಹಿಡಿದದ್ದು ಮಾಸ್ತರಿಕೆ. ಕಾಚಿಗೂಡ, ಚಾದರಘಾಟ್ ಮೊದಲಾದ ಕಡೆ ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳನ್ನು ಮೈದಾನಕ್ಕೆ ಇಳಿಸುವ ಕೆಲಸಕ್ಕೆ ನಿಂತರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಪಿ.ಟಿ. ಮಾಸ್ತರ್. 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆ ಜವಾಬ್ದಾರಿ ಕೊನೆಯವರೆಗೂ ಅವರ ಹೆಗಲ ಮೇಲಿತ್ತು.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಆ ಕಾಲದ ನಮ್ಮ ಆಟಗಾರರಿಗೆ ಚೆಂಡು ಕಾಲಿಗೆ ಸಿಕ್ಕರೆ ಬಿಡಲು ಮನಸ್ಸಿರಲಿಲ್ಲ. ಇಬ್ಬರನ್ನು, ಮೂವರನ್ನು ತಪ್ಪಿಸಿ ಮುಂದೆ ಹೋಗುವುದೇ ಕಲೆ. ನೋಡುವವರಿಗೂ ಅದೇ ಬೇಕು, ಚಪ್ಪಾಳೆ ಬೀಳುವುದೂ ಅದಕ್ಕೇ. ರಹೀಂ ಹುಡುಗರಿಗಾಗಿ ಡ್ರಿಬ್ಲಿಂಗ್ ಮಾಡುವಂತಿಲ್ಲ ಎಂಬ ಷರತ್ತಿನ ಪಂದ್ಯಗಳನ್ನು ಇಟ್ಟರು. ಚೆಂಡು ಬಂತೋ, ಕೂಡಲೇ ಪಾಸ್ ಮಾಡಬೇಕು. ಬಲಗಾಲಿನವರು ಎಡಗಾಲಿನಲ್ಲೇ, ಎಡಗಾಲಿನವರು ಬಲಗಾಲಿನಲ್ಲೇ ಆಡಬೇಕೆಂಬ ಪಂದ್ಯಗಳನ್ನೂ ಇಟ್ಟರು.

ಇದರ ಹಿಂದಿನ ಲೆಕ್ಕ ಸರಳ. ಒಂದೇ ಕಾಲು ನಂಬಿದ ಆಟಗಾರ ಚೆಂಡನ್ನು ಆ ಕಾಲಿಗೆ ತಂದುಕೊಳ್ಳಲು ಒಂದು ಕ್ಷಣ ಕಳೆಯುತ್ತಾನೆ. ಆ ಕ್ಷಣದಲ್ಲಿ ಎದುರಾಳಿ ಬಂದು ಮುಟ್ಟುತ್ತಾನೆ. ಎರಡೂ ಕಾಲು ಪಳಗಿದವನಿಗೆ ಆ ಕ್ಷಣ ಉಳಿಯುತ್ತದೆ. ಕೂಡಲೇ ಪಾಸ್ ಮಾಡಲೇಬೇಕು ಎಂದಾಗ, ಚೆಂಡು ಬಂದ ಮೇಲೆ ತಲೆ ಎತ್ತಿ ನೋಡಿದರೆ ಆಗುವುದಿಲ್ಲ. ಬರುವ ಮೊದಲೇ ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಂಡಿರಬೇಕು. ನನ್ನ ಗೆಳೆಯ ಕ್ವಾರ್ಟರ್‌ಬ್ಯಾಕ್ ಬಗ್ಗೆ ಹೇಳಿದ ಗುಣ ಇದೇ ಅಲ್ಲವೇ? ಅಲ್ಲಿ ಅದು ಒಬ್ಬನ ಕೆಲಸ. ರಹೀಂ ಅದನ್ನು ಹನ್ನೊಂದು ಜನಕ್ಕೂ ಹಂಚಲು ಹೊರಟಿದ್ದರು.

ಪೊಲೀಸ್ ತಂಡದ ಐದು ವರ್ಷ

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಮುಂಬೈಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಆಗ ದೇಶದ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು. 1950ರಿಂದ 1954ರವರೆಗೆ ಸತತ ಐದು ವರ್ಷ ಆ ಕಪ್ ಹೈದರಾಬಾದಿಗೇ ಬಂತು. 1950ರಲ್ಲಿ ಡುರಾಂಡ್ ಕಪ್ ಕೂಡ ಅವರದಾಯಿತು. ಕಲ್ಕತ್ತದ ಮೋಹನ್ ಬಾಗನ್, ಈಸ್ಟ್ ಬೆಂಗಾಲ್‌ನಂಥ ತಂಡಗಳ ಹಿಂದೆ ಲಕ್ಷಾಂತರ ಅಭಿಮಾನಿಗಳಿದ್ದರು, ಹಣವಿತ್ತು, ಹೆಸರಿತ್ತು. ಅವರೆದುರು ಪೊಲೀಸ್ ನೌಕರಿಯ ಹುಡುಗರ ತಂಡವೊಂದು ಹೀಗೆ ನಿಂತುಕೊಂಡಿತು. ಆ ತಂಡದ ನೂರ್ ಮೊಹಮ್ಮದ್, ಅಜೀಜುದ್ದೀನ್ ಮೊದಲಾದವರು ಮುಂದೆ ಭಾರತಕ್ಕೂ ಆಡಿದರು.

ಅದೇ ಹೊತ್ತಿಗೆ ಭಾರತ ತಂಡದ ಹೊಣೆಯೂ ರಹೀಂ ಅವರಿಗೆ ಬಂತು. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಫೈನಲ್‌ನಲ್ಲಿ ಭಾರತ ಇರಾನನ್ನು 1–0ಯಿಂದ ಸೋಲಿಸಿತು. ಗೋಲು ಹೊಡೆದವರು ಶೂ ಮೇವಾಲಾಲ್. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಬರಿಗಾಲಿನಲ್ಲಿ ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದರು ಎಂದು ಅವರ ಆಟ ಕಂಡವರು ಹೇಳುತ್ತಿದ್ದರು. ಮೊದಲ ಕೂಟದಲ್ಲೇ ಚಿನ್ನ. ಕಥೆ ಅಲ್ಲಿಗೇ ಮುಗಿದಿದ್ದರೆ ರಹೀಂ ಒಬ್ಬ ಅದೃಷ್ಟವಂತ ಕೋಚ್ ಎನ್ನಿಸಿಕೊಳ್ಳುತ್ತಿದ್ದರು, ಅಷ್ಟೇ.

ಹೆಲ್ಸಿಂಕಿಯ ಹತ್ತು ಗೋಲು

ನನ್ನ ಗೆಳೆಯರ ಬಳಿ ಒಂದು ಗಟ್ಟಿ ಪ್ರಶ್ನೆಯಿತ್ತು. ಜಕಾರ್ತದ ಗೆಲುವು ಕೋಚ್‌ನದು ಎನ್ನುವುದಾದರೆ ಹೆಲ್ಸಿಂಕಿಯ ಸೋಲು ಯಾರದು? 1952ರ ಒಲಿಂಪಿಕ್ಸ್‌ನಲ್ಲಿ ಇದೇ ರಹೀಂ ಅವರ ತಂಡ ಯುಗೊಸ್ಲಾವಿಯ ಎದುರು 10–1ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು.

ಸೋಲು ರಹೀಂ ಅವರದೂ ಹೌದು. ಅದರಲ್ಲಿ ತಕರಾರಿಲ್ಲ. ಯುರೋಪಿನ ಚಳಿ, ಒದ್ದೆ ಹುಲ್ಲು, ಬೂಟು ತೊಟ್ಟ ಎದುರಾಳಿಗಳು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಯುಗೊಸ್ಲಾವಿಯ ಆ ಕೂಟದಲ್ಲಿ ಬೆಳ್ಳಿ ಗೆದ್ದ ತಂಡ ಎಂದು ಸಮಾಧಾನ ಹೇಳಿಕೊಂಡು ಊರಿಗೆ ಬರಬಹುದಿತ್ತು. ಆದರೆ ಆ ಸೋಲಿನ ನಂತರ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ರಹೀಂ ತಂಡ ನಿಲ್ಲುವ ಕ್ರಮವನ್ನೇ ಬದಲಿಸತೊಡಗಿದರು.

ಆ ಬದಲಾವಣೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಇರುತ್ತಿದ್ದರು. ಗೋಲು ಹೊಡೆಯಲು ಐದು ಜನ, ಗೋಲು ಉಳಿಸಲು ಇಬ್ಬರು! ಬಲವಾದ ತಂಡ ಎದುರಾದರೆ ಹಿಂಬದಿ ಬಯಲು. 1953ರಲ್ಲಿ ಹಂಗೇರಿ ತಂಡ ಇಂಗ್ಲೆಂಡಿಗೇ ಹೋಗಿ 6–3ರಿಂದ ಗೆದ್ದಿತು. ಅವರ ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಸ್ವಲ್ಪ ಹಿಂದೆ ಸರಿದು ಆಡುತ್ತಿದ್ದ. ಅವನ ಬೆನ್ನು ಹತ್ತಿದ ಎದುರಾಳಿ ಡಿಫೆಂಡರ್ ತನ್ನ ಜಾಗ ಬಿಟ್ಟು ಬಂದರೆ ಅಲ್ಲಿ ಬೇರೆಯವರು ನುಗ್ಗುತ್ತಿದ್ದರು. ಬಾರದಿದ್ದರೆ ಇವನಿಗೆ ನಿಂತು ಪಾಸ್ ಕೊಡಲು ಬಿಡುವು. ಎರಡರಲ್ಲೂ ನಷ್ಟ ಎದುರಾಳಿಗೇ. ಈ ಬಗೆಯ ಆಟವನ್ನು ರಹೀಂ ನಮ್ಮ ತಂಡಕ್ಕೂ ಕಲಿಸಿದರು. ಮುಂದೆ ಅವರ ತಂಡಗಳು ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರ ಕ್ರಮಕ್ಕೆ ಹೊರಳಿದವು. ಬ್ರೆಜಿಲ್ 1958ರಲ್ಲಿ ವಿಶ್ವಕಪ್ ಗೆದ್ದು ಜಗತ್ತಿಗೆಲ್ಲ ಪರಿಚಯಿಸಿದ್ದು ಇದೇ ಕ್ರಮವನ್ನು.

ಇದರ ಫಲ ಕಂಡದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ನಾಯಕ ಸಮರ್ ಬ್ಯಾನರ್ಜಿ. ತಂಡದಲ್ಲಿ ಹೈದರಾಬಾದಿನವರು ಹಲವರು, ಮೈಸೂರು ಕಡೆಯ ಕೆಂಪಯ್ಯ ಕೂಡ ಇದ್ದರು. ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ದೇಶ ನಮ್ಮದು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದದ್ದು ಭಾರತ! ಕೊನೆಗೆ 4–1ರಿಂದ ಸೋತೆವು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಎದುರು 3–0ಯಿಂದ ಸೋತು ನಾಲ್ಕನೆಯವರಾದೆವು. ಆದರೆ ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದಿದ್ದ ದೇಶದ ಎದುರು ಒಂದು ಹೊತ್ತು ಮುಂದಿದ್ದೆವು. ಹೆಲ್ಸಿಂಕಿಯ ಲೆಕ್ಕಕ್ಕೆ ರಹೀಂ ಕೊಟ್ಟ ಉತ್ತರ ಇದು. ದೊಡ್ಡ ಕೋಚ್ ಸೋಲುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವರು ಸೋಲಿನಿಂದ ಏನು ತೆಗೆದರು ಎಂಬುದನ್ನು ನೋಡಿ ಎನ್ನುತ್ತೇನೆ.

ಬಾಡಿಗೆ ಸೈಕಲ್ಲಿನ ಹುಡುಗ

ತುಳಸಿದಾಸ್ ಬಲರಾಮ್ ಎಂಬ ಹುಡುಗ ಸಿಕಂದರಾಬಾದ್ ಬಳಿಯ ಅಮ್ಮುಗೂಡದವನು. ಮನೆಯಲ್ಲಿ ಬಡತನ. ಬೂಟು ಕೊಳ್ಳುವುದೂ ಕಷ್ಟ. ರಹೀಂ ಅವನ ಆಟ ನೋಡಿ ತರಬೇತಿಗೆ ಕರೆದರು. ದಿನಾ ಹೈದರಾಬಾದಿಗೆ ಬಂದು ಹೋಗಲು ದುಡ್ಡಿಲ್ಲ ಎಂದ ಹುಡುಗನಿಗೆ ಬಾಡಿಗೆ ಸೈಕಲ್ಲಿಗೆಂದು ಹಣದ ವ್ಯವಸ್ಥೆ ಮಾಡಿದರು. ಬಲರಾಮ್ ಮೆಲ್ಬರ್ನ್‌ಗೂ ಹೋದರು, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯಂಥ ತಂಡದ ವಿರುದ್ಧ ಗೋಲೂ ಹೊಡೆದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಗುರುವನ್ನು ನೆನೆಯುತ್ತಿದ್ದರು.

ನಮ್ಮಂಥ ಊರಿನವರಿಗೆ ಆ ಸೈಕಲ್ಲಿನ ಬೆಲೆ ಬೇಗ ಅರ್ಥವಾಗುತ್ತದೆ. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿ ಬಸ್ ಚಾರ್ಜಿಲ್ಲದೆ ಉಳಿದ ಹುಡುಗರು, ಹುಡುಗಿಯರು ನನ್ನ ಓರಗೆಯವರಲ್ಲೇ ಇದ್ದಾರೆ. ಪ್ರತಿಭೆ ಗುರುತಿಸುವುದು ಅರ್ಧ ಕೆಲಸ. ಆ ಪ್ರತಿಭೆ ಮರುದಿನವೂ ಮೈದಾನಕ್ಕೆ ಬರುವಂತೆ ಮಾಡುವುದು ಉಳಿದ ಅರ್ಧ.

ಇನ್ನೊಂದು ಸಂಗತಿ. ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಒಳ್ಳೆಯ ಆಟಗಾರ. ರೋಮ್‌ಗೆ ಹೋದ ತಂಡದಲ್ಲಿ ಅವರಿದ್ದರು. ಆದರೆ ಅಲ್ಲಿ ಒಂದೂ ಪಂದ್ಯದಲ್ಲಿ ಅವರಿಗೆ ಆಡಲು ಸಿಗಲಿಲ್ಲ. ಕೋಚ್ ಅಪ್ಪ, ಆಟಗಾರ ಮಗ. ಆದರೂ ಮಗ ಬೆಂಚಿನ ಮೇಲೆ! ಅದೇ ರೋಮ್‌ನಲ್ಲಿ ಭಾರತ ಹಂಗೇರಿಯ ಎದುರು 2–1ರಿಂದ ಮಾತ್ರ ಸೋತಿತು, ಫ್ರಾನ್ಸ್ ಜೊತೆ 1–1ರ ಸಮ ಮಾಡಿಕೊಂಡಿತು. ಅದಾದ ಮೇಲೆ ಇವತ್ತಿನವರೆಗೂ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ.

ಜಕಾರ್ತದ ನಾಲ್ಕು ತೀರ್ಮಾನ

ಈಗ ಆ ಫೈನಲ್‌ಗೆ ಬರೋಣ. ಅಂದಿನ ಲೆಕ್ಕದಲ್ಲಿ ಗೆಲ್ಲಬೇಕಾದದ್ದು ಕೊರಿಯಾ. 1956 ಮತ್ತು 1960ರ ಏಷ್ಯಾ ಕಪ್ ಎರಡೂ ಅವರವೇ. ಇದೇ ಕೂಟದ ಮೊದಲ ಪಂದ್ಯದಲ್ಲಿ ಅವರು ಭಾರತವನ್ನು 2–0ಯಿಂದ ಸೋಲಿಸಿದ್ದರು. ಆಮೇಲೆ ಭಾರತ ಥಾಯ್ಲೆಂಡನ್ನು 4–1ರಿಂದ, ಜಪಾನನ್ನು 2–0ಯಿಂದ ಸೋಲಿಸಿ ಸೆಮಿಫೈನಲ್ ದಾಟಿತ್ತು. ಆದರೆ ದಾರಿಯಲ್ಲಿ ತಂಡ ಜರ್ಝರಿತವಾಗಿತ್ತು. ಥಾಯ್ಲೆಂಡ್ ವಿರುದ್ಧ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದಿತ್ತು. ಇನ್ನೊಬ್ಬ ಡಿಫೆಂಡರ್ ತ್ರಿಲೋಕ್ ಸಿಂಗ್ ಕಾಲಿಗೆ ಗಾಯ. ಎತ್ತರದ ಗೋಲ್ ಕೀಪರ್ ಪೀಟರ್ ತಂಗರಾಜ್ ಜ್ವರ ಬಂದು ಮಲಗಿದ್ದರು. ಅವರ ಬದಲು ಪ್ರದ್ಯುತ್ ಬರ್ಮನ್ ಗೋಲು ಕಾಯ್ದಿದ್ದರು.

ಹೊರಗಿನ ವಾತಾವರಣವೂ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೊನೇಷ್ಯಾ ಪ್ರವೇಶ ಕೊಟ್ಟಿರಲಿಲ್ಲ. ಅದನ್ನು ಏಷ್ಯನ್ ಗೇಮ್ಸ್ ಫೆಡರೇಷನ್ನಿನಲ್ಲಿದ್ದ ಭಾರತದ ಜಿ.ಡಿ. ಸೋಂಧಿ ಆಕ್ಷೇಪಿಸಿದರು. ಅದರ ಸಿಟ್ಟು ನಮ್ಮ ಆಟಗಾರರ ಮೇಲೆ ತಿರುಗಿತು. ಫೈನಲ್ ದಿನ ತುಂಬಿದ ಕ್ರೀಡಾಂಗಣದಲ್ಲಿ ನಮ್ಮ ತಂಡವನ್ನು ಹೀಯಾಳಿಸುವ ಕೂಗೇ ಕೂಗು. ಅಂಥದರಲ್ಲಿ ಭಾರತದ ಪರ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ಆಟಗಾರರು ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ.

ಇನ್ನು ರಹೀಂ. ಅವರಿಗೆ ಕ್ಯಾನ್ಸರ್ ಆಗಿತ್ತು. ಮೈ ಸೋತಿತ್ತು. ಅಂಥ ಸ್ಥಿತಿಯಲ್ಲಿ ಅವರು ತೆಗೆದುಕೊಂಡ ತೀರ್ಮಾನಗಳನ್ನು ನೋಡಿ.

ಒಂದು, ಪೆಟ್ಟಾದ ಜರ್ನೈಲ್ ಅವರನ್ನು ಮನೆಗೆ ಕಳಿಸಲಿಲ್ಲ, ಹಿಂದೆಯೂ ನಿಲ್ಲಿಸಲಿಲ್ಲ. ಡಿಫೆಂಡರ್ ಆದವನು ಮೇಲಿಂದ ಬರುವ ಪ್ರತಿ ಚೆಂಡಿಗೂ ತಲೆ ಕೊಡಬೇಕು. ಹೊಲಿಗೆ ಹಾಕಿದ ತಲೆಗೆ ಅದು ಅಪಾಯ. ಸೆಮಿಫೈನಲ್‌ನಿಂದಲೇ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಕಾಲೇಜಿನ ದಿನಗಳಲ್ಲಿ ಮುಂದೆ ಆಡಿದ್ದವರು ಎಂಬುದು ರಹೀಂ ಅವರ ನೆನಪಿನಲ್ಲಿತ್ತು. ಎರಡು, ಖಾಲಿಯಾದ ಹಿಂಬದಿಯ ನಡುವಿನ ಜಾಗಕ್ಕೆ ಅರುಣ್ ಘೋಷ್ ಅವರನ್ನು ತಂದರು. ಮೂರು, ಜ್ವರದಿಂದ ಎದ್ದ ತಂಗರಾಜ್ ಅವರನ್ನು ಫೈನಲ್‌ಗೆ ಮರಳಿ ಗೋಲಿಗೆ ನಿಲ್ಲಿಸಿದರು. ಕೊರಿಯಾದವರ ಎತ್ತರದ ಚೆಂಡುಗಳಿಗೆ ಆ ಎತ್ತರದ ಕೈಗಳು ಬೇಕಿದ್ದವು. ನಾಲ್ಕು, ಮುಂದಿನ ಸಾಲಿನ ಪಿ.ಕೆ., ಚುನಿ, ಬಲರಾಮ್ ಮೂವರನ್ನೂ ಹಾಗೇ ಉಳಿಸಿದರು. ಎಲ್ಲವನ್ನೂ ಬದಲಿಸುವ ಗಾಬರಿ ಅವರಿಗೆ ಇರಲಿಲ್ಲ. ಫೈನಲ್‌ಗೆ ಮುನ್ನ ಅವರು ಹುಡುಗರ ಬಳಿ ತಮಗಾಗಿ ಕೇಳಿದ್ದು ಒಂದೇ ಉಡುಗೊರೆ, ಆ ಚಿನ್ನ.

ಪಿ.ಕೆ. ಮೊದಲ ಗೋಲು ಹೊಡೆದರು. ಕೆಲವೇ ನಿಮಿಷದಲ್ಲಿ ಜರ್ನೈಲ್ ಎರಡನೆಯದು. ಕೊರಿಯಾ ಒಂದು ಗೋಲು ಹೊಡೆಯುವಷ್ಟರಲ್ಲಿ ಆಟ ಮುಗಿಯುತ್ತ ಬಂದಿತ್ತು. ಕೆಲವೇ ದಿನದ ಹಿಂದೆ ಎರಡು ಗೋಲಿನಿಂದ ಸೋಲಿಸಿದ್ದ ತಂಡವನ್ನು ಗಾಯಾಳುಗಳ ತಂಡ ಮಣಿಸಿತು.

ಆ ದಿನಕ್ಕೆ ಸರಿಯಾಗಿ ಒಂಬತ್ತು ತಿಂಗಳು ತುಂಬಿ ಒಂದು ವಾರವಾಗಿತ್ತು. 1963ರ ಜೂನ್ 11ರಂದು ರಹೀಂ ತೀರಿಕೊಂಡರು. ವಯಸ್ಸು 53.

ಮತ್ತೆ ನಮ್ಮ ವಾದ

ಗೆಳೆಯರ ಆಕ್ಷೇಪ ಸುಲಭಕ್ಕೆ ತಳ್ಳಿಹಾಕುವಂಥದಲ್ಲ. ತೀರ್ಮಾನ ಕಾಗದದ ಮೇಲಿರುತ್ತದೆ, ಒದೆ ತಿನ್ನುವವನು ಆಟಗಾರ. ಹೊಲಿಗೆ ಬಿಚ್ಚಿದರೆ ರಕ್ತ ಸುರಿಯುವುದು ಜರ್ನೈಲ್ ಅವರ ತಲೆಯಿಂದಲೇ. ಲಕ್ಷ ಜನ ಹೀಯಾಳಿಸುವಾಗ ಕಾಲು ನಡುಗದೆ ಚೆಂಡು ಒದೆಯುವ ಧೈರ್ಯವನ್ನು ಯಾವ ಕೋಚ್ ತಾನೆ ತುಂಬಿಸಿ ಕಳಿಸಬಲ್ಲ? ಈ ಮಾತಿಗೆ ನಾನು ತಲೆಬಾಗುತ್ತೇನೆ. ಪಿ.ಕೆ., ಚುನಿ, ಬಲರಾಮ್, ಜರ್ನೈಲ್ ಇಲ್ಲದ ರಹೀಂ ಬರೀ ನಕ್ಷೆ.

ಆದರೆ ಶ್ರೇಷ್ಠ ಆಟಗಾರ ಯಾರು ಎನ್ನುವಾಗ ನಾವೆಲ್ಲ ಅಳೆದದ್ದು ಏನನ್ನು? ಬಲವಾದ ಕಾಲನ್ನೇ, ವೇಗವನ್ನೇ? ಅವು ಕೊರಿಯಾದವರಲ್ಲೂ ಇದ್ದವು. ಕ್ವಾರ್ಟರ್‌ಬ್ಯಾಕ್ ದೊಡ್ಡವನೆನಿಸುವುದು ತಾನು ಎಷ್ಟು ದೂರ ಎಸೆಯಬಲ್ಲೆ ಎಂಬುದಕ್ಕಲ್ಲ, ಚೆಂಡು ಹಿಡಿಯುವವನು ಎಲ್ಲಿಗೆ ಬರುತ್ತಾನೆಂದು ಅವನಿಗಿಂತ ಮೊದಲೇ ಕಾಣುವುದಕ್ಕೆ. ಜರ್ನೈಲ್ ಒಬ್ಬ ಫಾರ್ವರ್ಡ್ ಕೂಡ ಎಂದು, ಅಮ್ಮುಗೂಡದ ಹುಡುಗ ಒಬ್ಬ ಒಲಿಂಪಿಯನ್ ಎಂದು ಬೇರೆಯವರಿಗಿಂತ ಮೊದಲು ಕಂಡವರು ರಹೀಂ. ಆ ಕಣ್ಣಿಗೆ ನಾನು ಶ್ರೇಷ್ಠ ಎನ್ನುತ್ತೇನೆ.

ಇದಕ್ಕೆ ಇನ್ನೊಂದು ಪುರಾವೆ ಅವರು ಹೋದ ಮೇಲಿನ ವರ್ಷಗಳು. ಹಳೆಯ ಆಟಗಾರರಲ್ಲಿ ಕೆಲವರು ಇನ್ನೂ ಇದ್ದರು. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂತು. ಅವರು ಬಿತ್ತಿದ್ದು ಅಷ್ಟು ಕಾಲ ಬೆಳೆ ಕೊಟ್ಟಿತು. ಆಮೇಲೆ ಇಳಿಮುಖ. ಇದಕ್ಕೆ ರಹೀಂ ಇಲ್ಲದ್ದೊಂದೇ ಕಾರಣವಲ್ಲ. ಜಪಾನ್, ಕೊರಿಯಾಗಳು ಶಾಲೆಯಿಂದ ಹಿಡಿದು ಆಟ ಕಟ್ಟಿದವು, ನಾವು ಹಾಗೆ ಕಟ್ಟಲಿಲ್ಲ. ಆದರೆ ರಹೀಂ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? ಶಾಲೆಯ ಮೈದಾನದಲ್ಲಿ, ಬರಿಗಾಲಿನ ಹುಡುಗರಿಂದ.

ಈ ವಾದದಲ್ಲಿ ನನಗೆ ಇಷ್ಟೊಂದು ಆಸಕ್ತಿ ಏಕೆಂದು ಹೇಳಿಬಿಡುತ್ತೇನೆ. ನಾನು ಬಿ.ಪಿ.ಇಡಿ ಓದುತ್ತಿದ್ದೇನೆ. ಮುಂದೆ ಪಿ.ಟಿ. ಮಾಸ್ತರಿಕೆಯೇ ಗತಿಯೇ ಎಂದು ಮನೆಗೆ ಬಂದ ಬೀಗರು ಕೇಳುತ್ತಾರೆ. ಸೀಟಿ ಊದುವುದಕ್ಕೂ ಡಿಗ್ರಿ ಬೇಕೇ ಎಂದು ನಗುವವರೂ ಇದ್ದಾರೆ. ನಾನು ಓದಿದ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುತ್ತಿದ್ದದ್ದು ಆಟದ ಪೀರಿಯಡ್. ಗಣಿತ ಬೇಡ ಎನ್ನುತ್ತಿಲ್ಲ. ಆದರೆ ಭಾರತದ ಫುಟ್‌ಬಾಲ್ ಕಂಡ ಅತ್ಯಂತ ಚುರುಕಾದ ತಲೆ ಒಬ್ಬ ಸೀಟಿ ಊದುವ ಮಾಸ್ತರನದಾಗಿತ್ತು ಎಂಬುದನ್ನು ಅವರಿಗೆಲ್ಲ ಹೇಳಬೇಕೆನಿಸುತ್ತದೆ. ಅದಕ್ಕೇ ಇದನ್ನು ಬರೆದೆ.

ನಮ್ಮ ಬಳಗದಲ್ಲಿ ಇನ್ನೂ ತೀರ್ಪು ಆಗಿಲ್ಲ. ಚುನಿ ಪಕ್ಷ ಗಟ್ಟಿಯಾಗಿದೆ, ಜರ್ನೈಲ್ ಪಕ್ಷ ಅದಕ್ಕಿಂತ ಗಟ್ಟಿ. ಓದುಗ ಗೆಳೆಯರು ತಮ್ಮ ಮತ ಯಾರಿಗೆ ಬೇಕಾದರೂ ಕೊಡಲಿ. ನಿಮ್ಮೂರ ಶಾಲೆಯ ಮೈದಾನದಲ್ಲಿ ಯಾರಾದರೂ ಪಿ.ಟಿ. ಸರ್ ಬಲಗಾಲಿನ ಹುಡುಗನಿಗೆ ಎಡಗಾಲಿನಲ್ಲಿ ಒದೆಯಲು ಹೇಳುತ್ತಿರುವುದು ಕಂಡರೆ, ಒಂದು ಗಳಿಗೆ ನಿಂತು ನೋಡಿ.